ಡೇರೆ ಕಿತ್ತರೂ ಒಲೆ ಉಳಿಯುತ್ತದೆ

ಪ್ರಶ್ನೆ: ರೋಮನ್ ಸೈನಿಕರು ಕೆಲವೇ ದಿನ ತಂಗಿದ್ದ ಜಾಗವನ್ನು ಇಂದು ಗುರುತಿಸುವುದು ಹೇಗೆ? ಅಲ್ಲೇ ಸಿಗುವ ಇನ್ನೂ ಹಳೆಯ ಕುರುಹುಗಳನ್ನು ಬೇರ್ಪಡಿಸುವುದು ಹೇಗೆ?

ಉತ್ತರ: ಡೇರೆಯ ಗುರುತು ಅಳಿಯುತ್ತದೆ, ಅಗೆದ ನೆಲದ ಗುರುತು ಅಳಿಯುವುದಿಲ್ಲ. ರೋಮನ್ ಪಡೆ ಬೀಡುಬಿಟ್ಟಲ್ಲಿ ಸುತ್ತ ಕಂದಕ ತೋಡಿ, ಅದೇ ಮಣ್ಣಿನಿಂದ ಒಡ್ಡು ಕಟ್ಟುತ್ತಿತ್ತು. ಕಂದಕ ತುಂಬಿಹೋದರೂ ಅದರ ಮೇಲಿನ ಬೆಳೆ ಹುಲುಸಾಗಿ ಬರುವುದರಿಂದ ವಿಮಾನದಿಂದ ನೋಡಿದರೆ ಗೆರೆ ಎದ್ದು ಕಾಣುತ್ತದೆ.

ಸ್ಕಾಟ್ಲೆಂಡಿನ ಅಬರ್ಡೀನ್ ಸಮೀಪದ ಕಿಂಟೋರ್‌ನಲ್ಲಿ ಸುಮಾರು 44 ಹೆಕ್ಟೇರಿನ ಇಂಥ ಬೀಡಿತ್ತು. ಉತ್ಖನನದಲ್ಲಿ ನೂರಕ್ಕೂ ಹೆಚ್ಚು ರೊಟ್ಟಿ ಒಲೆಗಳು ಸಿಕ್ಕವು. ಕಾವಿಗೆ ಕೆಂಪಾದ ಮಣ್ಣಿನ ಗುಳಿ, ಅದರ ಬಾಯಿಗೆ ಅಂಟಿಕೊಂಡಂತೆ ಬೂದಿ ಎಳೆದುಹಾಕುವ ಇನ್ನೊಂದು ಗುಂಡಿ, ತಳದಲ್ಲಿ ಇದ್ದಿಲು.

ಅದೇ ನೆಲದಲ್ಲಿ ನವಶಿಲಾಯುಗದ ಕುರುಹುಗಳೂ ಕಂಚಿನ ಮತ್ತು ಕಬ್ಬಿಣದ ಯುಗದ ದುಂಡುಮನೆಗಳೂ ಇದ್ದವು. ಮರದ ಕಂಬ ಕೊಳೆತರೂ ಕಂಬ ನೆಟ್ಟ ಕುಳಿಗಳು ಬಳೆಯಾಕಾರದಲ್ಲಿ ಉಳಿಯುತ್ತವೆ. ಒಂದು ಗುಂಡಿ ಇನ್ನೊಂದನ್ನು ಕತ್ತರಿಸಿದ್ದರೆ, ಕತ್ತರಿಸಿದ್ದೇ ನಂತರದ್ದು. ಎರಡೂ ತಾಗದಿದ್ದಲ್ಲಿ ಮಡಕೆ ಚೂರು ಮತ್ತು ರೇಡಿಯೋ ಕಾರ್ಬನ್ ಪರೀಕ್ಷೆ ನೆರವಾಗುತ್ತವೆ. ಮುದಿ ಮರದ ಇದ್ದಿಲು ಕಾಲವನ್ನು ಹಿಂದಕ್ಕೆ ತೋರಿಸಬಹುದು. ಹಾಗಾಗಿ ಸುಟ್ಟ ಕಾಳು, ಕಾಯಿಯ ಸಿಪ್ಪೆ ಸಿಕ್ಕರೆ ಪರೀಕ್ಷೆಗೆ ಅವನ್ನೇ ಆರಿಸಿಕೊಳ್ಳುತ್ತಾರೆ.