ಮಿದುಳಿನ ಗಂಟು: ಬಿಡಿಸುವುದೋ, ಬಿಟ್ಟುಬಿಡುವುದೋ?

2006ರ ಡಿಸೆಂಬರ್ 13. ಅಮೆರಿಕದ ಸೆನೆಟರ್ ಟಿಮ್ ಜಾನ್ಸನ್ ಫೋನಿನಲ್ಲಿ ಪತ್ರಕರ್ತರೊಂದಿಗೆ ಮಾತನಾಡುತ್ತಿದ್ದಾಗಲೇ ನಾಲಿಗೆ ತೊದಲಿತು. ಮಿದುಳಿನಲ್ಲಿ ರಕ್ತನಾಳದ ಗಂಟೊಂದು ಒಡೆದಿತ್ತು. ಅದೇ ರಾತ್ರಿ ವಾಷಿಂಗ್ಟನ್ನಿನಲ್ಲಿ ಶಸ್ತ್ರಚಿಕಿತ್ಸೆ. ಅವರು ಸೆನೆಟ್ಟಿಗೆ ಮರಳಿದ್ದು ಮುಂದಿನ ಸೆಪ್ಟೆಂಬರಿನಲ್ಲಿ. ಮಾತು ತಡವರಿಸುತ್ತಿದ್ದರೂ 2008ರ ಚುನಾವಣೆ ಗೆದ್ದರು.

ಈ ಗಂಟನ್ನು ವೈದ್ಯರು ಎವಿಎಂ ಎನ್ನುತ್ತಾರೆ. ಅಪಧಮನಿಯಲ್ಲಿ ರಭಸದಿಂದ ಬರುವ ರಕ್ತ ಸಣ್ಣ ಸಣ್ಣ ಲೋಮನಾಳಗಳಲ್ಲಿ ಹಂಚಿಹೋಗಿ, ಒತ್ತಡ ತಗ್ಗಿದ ಮೇಲೆ ಅಭಿಧಮನಿ ಸೇರಬೇಕು. ಇಲ್ಲಿ ನಡುವಿನ ಲೋಮನಾಳಗಳೇ ಇರುವುದಿಲ್ಲ. ರಕ್ತ ಸೀದಾ ಅಭಿಧಮನಿಗೆ ನುಗ್ಗುತ್ತದೆ. ಅದರ ತೆಳು ಗೋಡೆ ಆ ಒತ್ತಡ ತಾಳದೆ ಉಬ್ಬುತ್ತದೆ, ಒಡೆಯಲೂಬಹುದು. ಕೆಲವರಿಗೆ ಫಿಟ್ಸ್ ಬಂದು ಗೊತ್ತಾಗುತ್ತದೆ. ಎಷ್ಟೋ ಮಂದಿಗೆ ರಕ್ತಸ್ರಾವವೇ ಮೊದಲ ಸುಳಿವು. ಅವರಲ್ಲಿ ಬಹಳಷ್ಟು ಜನ ದುಡಿಯುವ ವಯಸ್ಸಿನವರು ಎನ್ನುವುದೇ ಸಂಕಟದ ಮಾತು.

ಶಸ್ತ್ರಚಿಕಿತ್ಸೆಯಲ್ಲಿ ಕ್ರಮವೇ ಪ್ರಾಣ. ಮೊದಲು ಗಂಟಿಗೆ ರಕ್ತ ತರುವ ಅಪಧಮನಿಗಳನ್ನು ಒಂದೊಂದಾಗಿ ಮುಚ್ಚಬೇಕು, ಅಭಿಧಮನಿಯನ್ನು ಕೊನೆಗೆ. ಅದು ಮೊದಲೇ ಮುಚ್ಚಿತೋ, ಒಳಬಂದ ರಕ್ತಕ್ಕೆ ದಾರಿಯಿಲ್ಲದೆ ಗಂಟು ಆಪರೇಷನ್ ನಡೆಯುತ್ತಿರುವಾಗಲೇ ಒಡೆದೀತು. ಕೆಲಸ ಸರಿಯಾಗಿ ಸಾಗಿದ್ದರ ಗುರುತು ಸೂಕ್ಷ್ಮದರ್ಶಕದಡಿ ಕಣ್ಣಿಗೇ ಬೀಳುತ್ತದೆ: ಬಿಗಿದು ಕೆಂಪಗಿದ್ದ ಅಭಿಧಮನಿ ಮೆತ್ತಗಾಗಿ ನೀಲಿಗೆ ತಿರುಗುತ್ತದೆ. ಕೆಲವೊಮ್ಮೆ ಇದಕ್ಕೂ ಮುನ್ನ ತೊಡೆಸಂದಿನಿಂದ ಕ್ಯಾತಿಟರ್ ತೂರಿಸಿ, ಗಂಟಿನೊಳಗೆ ಅಂಟು ತುಂಬಿ ರಕ್ತದ ರಭಸ ತಗ್ಗಿಸುತ್ತಾರೆ.

ಒಮ್ಮೆ ಒಡೆದ ಗಂಟು ಮತ್ತೆ ಒಡೆಯುವ ಭಯ ಹೆಚ್ಚು. ಹಾಗಾಗಿ ಸಾಧ್ಯವಿದ್ದರೆ ಚಿಕಿತ್ಸೆ ಕೊಡುವುದೇ ವಾಡಿಕೆ. ಒಡೆಯದ ಗಂಟಿನದೇ ಕಷ್ಟದ ಪ್ರಶ್ನೆ. 2014ರಲ್ಲಿ ಪ್ರಕಟವಾದ ಅರೂಬಾ ಎಂಬ ಅಧ್ಯಯನದಲ್ಲಿ ಸುಮಾರು ಮೂರು ವರ್ಷಗಳ ಅವಧಿಯಲ್ಲಿ ಪಾರ್ಶ್ವವಾಯು ಅಥವಾ ಸಾವು ಕಂಡವರು, ಗಂಟನ್ನು ಮುಟ್ಟದೆ ಬಿಟ್ಟವರಲ್ಲಿ ಶೇ 10. ಚಿಕಿತ್ಸೆಯ ಗುಂಪಿನಲ್ಲಿ ಶೇ 31. ಆದರೆ ಇಪ್ಪತ್ತರ ಹುಡುಗಿಯ ಮುಂದೆ ಐವತ್ತು ವರ್ಷ ಬದುಕಿದೆ, ಮೂರು ವರ್ಷದ ಲೆಕ್ಕ ಅವಳಿಗೆ ಸಾಲದು. ಗಂಟಿನ ಗಾತ್ರವೆಷ್ಟು, ಅದು ಮಾತು, ನಡಿಗೆಯ ಭಾಗಕ್ಕೆ ತಾಗಿದೆಯೇ, ರಕ್ತ ಆಳದ ಅಭಿಧಮನಿಗೆ ಹರಿಯುತ್ತದೆಯೇ ಎಂದು ನೋಡಿ ಶಸ್ತ್ರಚಿಕಿತ್ಸೆಯ ಅಪಾಯಕ್ಕೆ ದರ್ಜೆ ಕೊಡುವ ಸ್ಪೆಟ್ಜ್ಲರ್-ಮಾರ್ಟಿನ್ ಪದ್ಧತಿ 1986ರಿಂದಲೂ ಇದೆ. ಮನೆಯವರು ಆ ದರ್ಜೆಯನ್ನು ಕೇಳಿ ತಿಳಿದುಕೊಳ್ಳಲೇಬೇಕು, ಇನ್ನೊಬ್ಬ ತಜ್ಞರಿಗೂ ತೋರಿಸಬೇಕು.

ಸಣ್ಣದಾಗಿ, ಆಳದಲ್ಲಿರುವ ಗಂಟಿಗೆ ಗಾಮಾ ನೈಫ್ ವಿಕಿರಣ ಒಳ್ಳೆಯ ದಾರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದು ಸಿಗುತ್ತದೆ. ಆದರೆ ನಾಳ ದಪ್ಪಗಾಗಿ ಮುಚ್ಚಿಕೊಳ್ಳಲು ಎರಡು-ಮೂರು ವರ್ಷ ಬೇಕು, ಅಲ್ಲಿಯವರೆಗೆ ರಕ್ತಸ್ರಾವದ ಭಯ ಇದ್ದೇ ಇರುತ್ತದೆ. ಆರಾಮಾಗಿದ್ದೇನೆಂದು ತಪಾಸಣೆ ಬಿಡುವಂತಿಲ್ಲ. ಗಂಟು ಪೂರ್ತಿ ಮುಚ್ಚಿದೆಯೇ ಎಂಬುದನ್ನು ಖಚಿತವಾಗಿ ಹೇಳುವುದು ಆಂಜಿಯೋಗ್ರಾಂ.