ಬೆಳೆಯದ ಜೀವಾಣುಗಳು

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಖಾನಾಪುರವನ್ನು ದಾಟಿ, ಕಿತ್ತೂರು ಬೈಲಹೊಂಗಲಗಳ ಸೀಮೆಯಲ್ಲಿ ಹರಿದು, ಸವದತ್ತಿಯ ಬಳಿ ನವಿಲುತೀರ್ಥದ ಕಟ್ಟೆಗೆ ತಡೆದು ನಿಂತು, ಅನಂತರ ರಾಮದುರ್ಗದ ಕಡೆಗೆ ಸಾಗುವುದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಸೇರುವರು. 2019ರ ಆಗಸ್ಟಿನಲ್ಲಿ ಇದೇ ನದಿಯು ಉಕ್ಕಿ ರಾಮದುರ್ಗದ ಮನೆಗಳೊಳಗೆ ನುಗ್ಗಿತು. ಜಾತ್ರೆಯಾಗಲಿ ನೆರೆಯಾಗಲಿ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿಯ ನೀರನ್ನು ಕುಡಿಯಬಹುದೆ?

ಇದಕ್ಕೆ ಉತ್ತರ ಹೇಳುವ ಸಣ್ಣ ಸೀಸೆಯೊಂದು ಈಗ ಹಳ್ಳಿಗಳಿಗೂ ಬಂದಿದೆ. ಅದಕ್ಕೆ ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಡುವರು. ನೀರಿಗೆ ಮಲದ ಸಂಪರ್ಕವಾಗಿದ್ದರೆ ಅದರೊಳಗಣ ಜೀವಾಣುಗಳು ಬೆಳೆದು ಗಂಧಕದ ವಾಸನೆಯ ಅನಿಲವನ್ನು ಬಿಡುವುವು, ನೀರು ಕಪ್ಪಾಗುವುದು. ಗ್ವಾಲಿಯರಿನ ಮೂವರು ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಉಪಾಯವಿದು. ಅಗ್ಗದ್ದು, ಸರಳವಾದುದು, ನಮ್ಮ ಮೆಚ್ಚಿಗೆಗೆ ಪಾತ್ರವಾದುದು. ಪ್ರಯೋಗಶಾಲೆಯಲ್ಲಾದರೋ ಕಡಲಪಾಚಿಯಿಂದ ತೆಗೆದ ಅಗರಿನ ಮೇಲೆ ಜೀವಾಣುಗಳನ್ನು ಬಿತ್ತಿ, ಮೂಡಿದ ಚುಕ್ಕೆಗಳನ್ನು ಎಣಿಸುವರು. ಎರಡಕ್ಕೂ ತಳಹದಿಯಾದ ನಂಬಿಕೆ ಒಂದೇ: ಬದುಕಿರುವುದು ಬೆಳೆದೀತು.

ಅದೇ 1982ರಲ್ಲಿ ಈ ನಂಬಿಕೆಗೆ ಪೆಟ್ಟು ಬಿದ್ದಿತು. ಅಮೆರಿಕದ ರೀಟಾ ಕಾಲ್ವೆಲ್ ಅವರೂ ಅವರ ಸಂಗಡಿಗರೂ ವಾಂತಿಭೇದಿಯ ಜೀವಾಣುವಾದ ವಿಬ್ರಿಯೊವನ್ನೂ, ಕರುಳಿನಲ್ಲಿ ವಾಸಿಸುವ ಇ. ಕೋಲಿಯನ್ನೂ ಪರೀಕ್ಷಿಸುತ್ತಿದ್ದರು. ಉಪ್ಪುನೀರಿನಲ್ಲಿ ಕೆಲಕಾಲ ಇಟ್ಟ ಮೇಲೆ ಅವು ಅಗರಿನ ಮೇಲೆ ಬೆಳೆಯಲೊಲ್ಲವು. ಆದರೂ ಸತ್ತಿರಲಿಲ್ಲ. ಆಹಾರ ಸಾಲದಾದಾಗ, ಚಳಿ ಹೆಚ್ಚಾದಾಗ, ಕೊಲ್ಲಲು ಸಾಲದಷ್ಟು ಕ್ಲೋರಿನ್ ತಗಲಿದಾಗ ಕೂಡ ಇಂತಹ ಸುಪ್ತಾವಸ್ಥೆ ಬರುವುದುಂಟೆಂದು ಮುಂದೆ ತಿಳಿಯಿತು.

ರೈತರಿಗೆ ಇದು ಹೊಸ ಮಾತಲ್ಲ. ಆ ಕಡೆಯವರು ಸೂರ್ಯಪಾನವೆಂದು ಕರೆಯುವ ಸೂರ್ಯಕಾಂತಿಯ ಬೀಜವನ್ನು ಕೊಯ್ದ ಕೂಡಲೆ ಬಿತ್ತಿದರೆ ಸರಿಯಾಗಿ ಮೊಳೆಯದು. ಕೆಲವು ವಾರ ಕಳೆಯಬೇಕು. ಮೊಳೆಯಲಿಲ್ಲವೆಂದು ಅದನ್ನು ಸತ್ತ ಬೀಜವೆನ್ನುವವರುಂಟೆ? ಬೀಜ ಪರೀಕ್ಷಕರು ಟೆಟ್ರಜೋಲಿಯಂ ಎಂಬ ವರ್ಣವಿಲ್ಲದ ದ್ರವದಲ್ಲಿ ಅದನ್ನು ನೆನೆಸುವರು. ಉಸಿರಾಡುವ ಅಂಕುರವು ಕೆಂಪಾಗುವುದು. ಅದೇ ಜಾತಿಯ ಮತ್ತೊಂದು ದ್ರವ್ಯದಿಂದ ಈಗ ಉಸಿರಾಡುವ ಜೀವಾಣುವನ್ನೂ ಕೆಂಪಗೆ ಹೊಳೆಯಿಸಿ ಗುರುತಿಸುವರು.

ಇದಕ್ಕಿಂತ ಚಮತ್ಕಾರವಾದುದು ಜಪಾನಿನ ಕೊಗುರೆ ಮತ್ತು ಸಂಗಡಿಗರು 1979ರಲ್ಲಿ ತೋರಿಸಿದ ದಾರಿ. ಅವರು ನೀರಿಗೆ ಯೀಸ್ಟಿನ ಸಾರವನ್ನೂ ನಾಲಿಡಿಕ್ಸಿಕ್ ಆಮ್ಲವನ್ನೂ ಬೆರೆಸಿ ಕೆಲವು ಗಂಟೆ ಬಿಟ್ಟರು. ಸಾರವು ಆಹಾರ, ಆಮ್ಲವು ಜೀವಾಣು ಎರಡಾಗಿ ಒಡೆಯುವುದನ್ನು ತಡೆಯುವುದು. ಬದುಕಿರುವುದು ಉಣ್ಣುವುದು, ಆದರೆ ಇಬ್ಭಾಗವಾಗಲಾರದು. ಹೀಗಾಗಿ ಉದ್ದುದ್ದ ಬೆಳೆಯುವುದು. ಸತ್ತುದು ಇದ್ದಂತೆಯೇ ಬಿದ್ದಿರುವುದು. ಸೂಕ್ಷ್ಮದರ್ಶಕದಲ್ಲಿ ನೀಳವಾದವುಗಳನ್ನು ಎಣಿಸಿದರೆ ಸಾಕು. ಯಾವ ಜಾತಿಯೆಂದು ತಿಳಿಯಬೇಕಾದರೆ ಆ ಜಾತಿಗೆ ಮಾತ್ರ ಅಂಟುವ, ಹೊಳೆಯುವ ಪ್ರತಿಕಾಯವನ್ನು ಲೇಪಿಸುವರು. ಬಂಗ್ಲಾದೇಶದ ನೀರಿನ ಸೂಕ್ಷ್ಮಜೀವಿಗಳ ಮಾದರಿಗಳನ್ನು ಹೀಗೆ ನೋಡಿ 1990ರಲ್ಲಿ ಪ್ರಕಟಿಸಿದ ಫಲವು ಬೆರಗಾಗಿಸುವಂತಹುದು: ಲೇಪನದಿಂದ ನೂರಕ್ಕೆ ಅರುವತ್ತಕ್ಕೂ ಹೆಚ್ಚು ಮಾದರಿಗಳಲ್ಲಿ ವಿಬ್ರಿಯೊ ಕಂಡಿತು; ಬೆಳೆಸಿ ನೋಡಿದಾಗ ನೂರಕ್ಕೆ ಒಂದರಲ್ಲಿಯೂ ಇಲ್ಲ.

ಆದರೆ ಪ್ರತಿಕಾಯವು ಸತ್ತ ಜೀವಾಣುವಿಗೂ ಅಂಟೀತು. ಡಿಎನ್ಎಯನ್ನು ಹುಡುಕುವ ಪಿಸಿಆರ್ ಪರೀಕ್ಷೆಗೂ ಇದೇ ಕುಂದು. ಈಚೆಗೆ, 2006ರಿಂದ, ಹರಿದ ಪೊರೆಯೊಳಗೆ ಮಾತ್ರ ನುಗ್ಗಿ, ಬೆಳಕು ಬಿದ್ದಾಗ ಅಲ್ಲಿಯ ಡಿಎನ್ಎಯನ್ನು ಕಟ್ಟಿಹಾಕುವ ಬಣ್ಣವೊಂದನ್ನು ಮೊದಲು ಹಾಕಿ ಸತ್ತವುಗಳನ್ನು ಲೆಕ್ಕದಿಂದ ಬಿಡುತ್ತಾರೆ. ಇಷ್ಟಾದರೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮತ್ತೆ ಬೆಳೆದವು ನಿದ್ರೆಯಿಂದೆದ್ದವೋ, ಅಥವಾ ಕಣ್ತಪ್ಪಿ ಉಳಿದ ಒಂದೆರಡರ ಸಂತಾನವೋ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೂ 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬೆಳೆಯದ ವಿಬ್ರಿಯೊವನ್ನು ನುಂಗಿದ ಸ್ವಯಂಸೇವಕರ ಮಲದಲ್ಲಿ ಬೆಳೆಯಬಲ್ಲ ವಿಬ್ರಿಯೊ ದೊರೆಯಿತೆಂಬುದನ್ನು ನಾವು ಮರೆಯುವಂತಿಲ್ಲ.

ಹಾಗಾದರೆ ಸೀಸೆಯನ್ನು ಎಸೆಯಬೇಕೆ? ಬೇಡ. ಕಪ್ಪಾದ ಸೀಸೆಯ ಮಾತನ್ನು ನಂಬಿ ಆ ನೀರನ್ನು ಬಿಡಬೇಕು. ಕಪ್ಪಾಗದ ಸೀಸೆ ಹೇಳುವುದು ಮಾತ್ರ ಇಷ್ಟೇ: ಇದರಲ್ಲಿ ಏನೂ ಬೆಳೆಯಲಿಲ್ಲ. ನೆರೆ ಇಳಿದ ಮೇಲೆ ಬಾವಿಯ ನೀರು ಪರೀಕ್ಷೆಯಲ್ಲಿ ಗೆದ್ದರೂ ಕೆಲವು ವಾರ ಕುದಿಸಿ ಕುಡಿಯಬೇಕೆನ್ನುವುದು ಇದರಿಂದಲೇ. ಚೆನ್ನಾಗಿ ಕುದಿದ ನೀರಿನಲ್ಲಿ ಸುಪ್ತವಾದ ವಿಬ್ರಿಯೊ ಕೂಡ ಉಳಿಯದು. ಗುಡ್ಡದ ಜಾತ್ರೆಯಲ್ಲಿ ಅಷ್ಟು ಜನಕ್ಕೆ ನೀರು ಕಾಯಿಸುವ ಸೌದೆ ಎಲ್ಲಿಯದೆಂದು ಕೇಳಬಹುದು. ಬಂಗ್ಲಾದೇಶದ ಮತ್ಲಬಿನ ಹೆಂಗಸರು ಹಳೆಯ ಸೀರೆಯನ್ನು ನಾಲ್ಕು ಪದರ ಮಾಡಿ ಕೆರೆಯ ನೀರನ್ನು ಸೋಸಿದರು. ವಾಂತಿಭೇದಿಯು ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರ ವರದಿ ಹೇಳುವುದು. ಬಟ್ಟೆಯು ಜೀವಾಣುವನ್ನೇ ಹಿಡಿಯದು, ಅದು ಅಂಟಿಕೊಂಡಿರುವ ನೀರಿನ ಸಣ್ಣ ಹುಳುಗಳನ್ನು ಹಿಡಿಯುವುದು. ಇದಕ್ಕೆ ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದೊಗೆದು ನೂಲು ಬಿಚ್ಚಿ ಹರಡಿ, ಕಣ್ಣುಗಳು ಕಿರಿದಾಗಿರುವುವು.