ಹದಿನೆಂಟಕ್ಕೆ ಮುಚ್ಚದ ಮೆಡಿಕಲ್ ಬಾಗಿಲು



ಕಳೆದ ದೀಪಾವಳಿಗೆ ಕ್ಯಾಲಿಫೋರ್ನಿಯಾದ ಕುಪರ್ಟಿನೋದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಫೋನ್ ಮಾಡಿದ್ದ. ಹಬ್ಬದ ಶುಭಾಶಯ, ಎರಡೂ ಊರಿನ ಮಳೆ ಬಿಸಿಲು, ಯಾರ ಮನೆ ಎಷ್ಟಕ್ಕೆ ಮಾರಾಟವಾಯ್ತು, ಎಲ್ಲಾ ಮುಗಿದ ಮೇಲೆ "ಮಗಳು ಡಿ ಆನ್ಜಾಗೆ ಸೇರಿದಾಳೆ ಕಣೋ, ಡಾಕ್ಟರ್ ಆಗ್ಬೇಕಂತೆ" ಅಂದ. ಡಿ ಆನ್ಜಾ ಅಂದರೆ ಅವರ ಮನೆ ಹತ್ತಿರದ ಕಮ್ಯುನಿಟಿ ಕಾಲೇಜು. ಅಲ್ಲಿ ಎರಡು ವರ್ಷ ಕಡಿಮೆ ಫೀಸಿನಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್‌ಗಳನ್ನು ಲ್ಯಾಬ್ ಸಮೇತ ಓದಿ, ಆಮೇಲೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ವರ್ಗವಾಗಿ ಡಿಗ್ರಿ ಮುಗಿಸುವುದು. ನಂತರ ಎಂಕ್ಯಾಟ್ ಪರೀಕ್ಷೆ, ಕೊನೆಗೆ ಮೆಡಿಕಲ್ ಸ್ಕೂಲು. "ಮನೆ ಊಟ ಮಾಡ್ಕೊಂಡು ಮೆಡಿಕಲ್ ದಾರಿ ಹಿಡಿದಾಳೆ" ಅಂತ ಅವನಿಗೆ ಖುಷಿಯೋ ಖುಷಿ.

ಇದಾದ ಒಂದು ತಿಂಗಳಿಗೆ ಮೆಲ್ಬರ್ನಿನ ಪಾಯಿಂಟ್ ಕುಕ್‌ನಿಂದ ನಮ್ಮಕ್ಕನ ಫೋನು. ವಿಸಿಇ ಫಲಿತಾಂಶ ಬಂದಿತ್ತು. ಅಕ್ಕನ ಮಗಳಿಗೆ ಏಟಾರ್ 97. "ಎಲ್ಲಾ ಮುಗಿದುಹೋಯ್ತು ಕಣೋ" ಅಂತ ಅಕ್ಕ ಅಳುತ್ತಿದ್ದಳು. ಊರಿನಲ್ಲಾಗಿದ್ದರೆ 97ಕ್ಕೆ ಬೀದಿಗೆಲ್ಲಾ ಪೇಡಾ ಹಂಚುತ್ತಿದ್ದರು! ಆದರೆ ಏಟಾರ್ ಅನ್ನುವುದು ಅಂಕವಲ್ಲ, ಸರದಿಯಲ್ಲಿನ ಸ್ಥಾನ. 97 ಅಂದರೆ ಮುಂದೆ ನೂರಕ್ಕೆ ಮೂರು ಜನ ಇದ್ದಾರೆ ಅಂತ ಅರ್ಥ. ಹೆಚ್ಚಿನ ಮೆಡಿಕಲ್ ಸೀಟುಗಳು ಆ ಮೂವರಲ್ಲೇ ಮುಗಿದು ಹೋಗುತ್ತವೆ. ಅದರ ಮೇಲೆ ಜುಲೈ-ಆಗಸ್ಟಿನಲ್ಲಿ ಬರೆದ ಯುಕ್ಯಾಟ್ ಕೂಡ ಅವಳಿಗೆ ಸರಿಹೋಗಿರಲಿಲ್ಲ.

ನಮ್ಮವರ ಮನೆಗಳಲ್ಲಿ ಈ ಓಟ ಯಾವಾಗ ಶುರುವಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸಿಡ್ನಿಯಲ್ಲಾದರೆ ಜೇಮ್ಸ್ ರೂಸ್, ಗಿರವೀನ್. ಮೆಲ್ಬರ್ನಿನಲ್ಲಾದರೆ ಮೆಲ್ಬರ್ನ್ ಹೈ, ಮ್ಯಾಕ್‌ರಾಬ್. ಮಗು ಮೂರನೇ ತರಗತಿಯಲ್ಲಿರುವಾಗಲೇ ಶನಿವಾರದ ಕೋಚಿಂಗ್. ಸಂಘದ ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ಒಬ್ಬಟ್ಟಿನ ಮಾತಿಗಿಂತ ಸೆಲೆಕ್ಟಿವ್ ಪರೀಕ್ಷೆಯ ಮಾತೇ ಹೆಚ್ಚು. ಹತ್ತು ವರ್ಷ ಓಡಿದ ಮಗುವಿಗೆ ಹದಿನೆಂಟನೇ ವಯಸ್ಸಿನ ಒಂದು ಡಿಸೆಂಬರ್ ಬೆಳಿಗ್ಗೆ "ಇಲ್ಲ" ಅಂತ ಬಂದರೆ ಅದು ಬದುಕೇ ಮುಗಿದಂತೆ ಅಂದುಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ? ಅಕ್ಕನಿಗೆ ಒಂದೇ ಪ್ರಶ್ನೆ: "ಅಮೆರಿಕದಲ್ಲಿ ಇದೆಯಲ್ಲ ಆ ಥರದ ದಾರಿ, ಇಲ್ಲಿಲ್ವೇನೋ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಕಾರಣ ಸ್ವಲ್ಪ ಸ್ವಂತದ್ದು.

ನಾನು ಪಿಯುಸಿಯಲ್ಲಿ ಪಿಸಿಎಂಬಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡವನು. ಹದಿನಾರನೇ ವಯಸ್ಸಿನಲ್ಲಿ ಅರ್ಜಿಯ ಒಂದು ಚೌಕದಲ್ಲಿ ಗುರುತು ಹಾಕಿದ್ದಷ್ಟೇ. ಕಪ್ಪೆ ಕೊಯ್ಯುವುದು ತಪ್ಪಿತಲ್ಲ ಅನ್ನುವ ಸಮಾಧಾನ ಬೇರೆ. 2012ರಲ್ಲಿ ಬಿ.ಇ. ಮುಗಿಸಿ, ಬೆಂಗಳೂರು ದಾಟಿ ಸಿಡ್ನಿಗೆ ಬಂದು ಕೋಡ್ ಬರೆದುಕೊಂಡು ಸುಖವಾಗಿದ್ದೆ. 2021ರಲ್ಲಿ ಶಿವಮೊಗ್ಗದಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಆಸ್ಟ್ರೇಲಿಯಾದ ಗಡಿ ಮುಚ್ಚಿದ್ದ ದಿನಗಳು. ಹೋದರೆ ವಾಪಸ್ ಬರುವ ಗ್ಯಾರಂಟಿ ಇಲ್ಲ, ಹೋಗಲು ಅನುಮತಿಯೂ ಸುಲಭವಿಲ್ಲ. ರಾತ್ರಿ ಎರಡು ಗಂಟೆಗೆ ಅಲ್ಲಿನ ಡಾಕ್ಟರು ವಿಡಿಯೋದಲ್ಲಿ ಸ್ಕ್ಯಾನ್ ತೋರಿಸಿ ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು. ಎರಡರಲ್ಲೂ ನನಗೆ ಅರ್ಥವಾಗಲಿಲ್ಲ. ಅಪ್ಪ ಚೇತರಿಸಿಕೊಂಡರು, ಈಗ ಕೋಲು ಹಿಡಿದು ತೋಟದವರೆಗೆ ಹೋಗಿ ಬರುತ್ತಾರೆ. ಆದರೆ ಆ ರಾತ್ರಿಯ ನಂತರ ನಾನು ನೆಟ್ಟಗೆ ಕೂತು ಕೋಡ್ ಬರೆಯಲಿಲ್ಲ ಅಂತಲೇ ಹೇಳಬೇಕು. ಮೆದುಳಿನ ಬಗ್ಗೆ ಓದಲು ಶುರು ಮಾಡಿದವನು ಕೊನೆಗೆ ಮೆಡಿಕಲ್ ಕಾಲೇಜುಗಳ ಪ್ರವೇಶದ ಪುಟಕ್ಕೆ ಬಂದು ನಿಂತೆ.

ಅಲ್ಲಿ ಗೊತ್ತಾಗಿದ್ದು ಇಷ್ಟು. ಆಸ್ಟ್ರೇಲಿಯಾದಲ್ಲಿ ಮೆಡಿಕಲ್‌ಗೆ ಎರಡು ಬಾಗಿಲು. ಒಂದು ಶಾಲೆ ಮುಗಿದ ತಕ್ಷಣದ್ದು: ಸಿಡ್ನಿಯಲ್ಲಿ ಯುಎನ್‌ಎಸ್‌ಡಬ್ಲ್ಯೂ, ಕ್ಯಾಂಬೆಲ್‌ಟೌನಿನಲ್ಲಿರುವ ವೆಸ್ಟರ್ನ್ ಸಿಡ್ನಿ, ಮೆಲ್ಬರ್ನಿನಲ್ಲಿ ಮೊನ್ಯಾಶ್. ಇನ್ನೊಂದು ಯಾವುದಾದರೂ ಡಿಗ್ರಿ ಆದ ಮೇಲಿನದ್ದು. ಸಿಡ್ನಿ ವಿಶ್ವವಿದ್ಯಾಲಯ 1997ರಲ್ಲೇ ಈ ಪದ್ಧತಿಗೆ ಬದಲಾಯಿತು. 1862ರಲ್ಲಿ ಶುರುವಾದ, ಈ ದೇಶದ ಅತಿ ಹಳೆಯ ಮೆಡಿಕಲ್ ಸ್ಕೂಲಾದ ಮೆಲ್ಬರ್ನ್ ವಿಶ್ವವಿದ್ಯಾಲಯ 2011ರಿಂದ ಡಿಗ್ರಿ ಆದವರಿಗೆ ನಾಲ್ಕು ವರ್ಷದ ಎಂ.ಡಿ. ಕೊಡುತ್ತಿದೆ (ನಮ್ಮೂರಿನ ಎಂ.ಡಿ. ಅಲ್ಲ ಮತ್ತೆ, ಇದು ಎಂಬಿಬಿಎಸ್‌ನ ಜಾಗದ್ದು). ಜೀಲಾಂಗ್‌ನ ಡೀಕಿನ್, ನೋಟರ್ ಡೇಮ್, ವೊಲಾಂಗಾಂಗ್, ಮಕ್ವಾರಿ ಕೂಡ ಇದೇ ಸಾಲಿನವು.

"ಯಾವುದಾದರೂ ಡಿಗ್ರಿ" ಅಂದರೆ ನಿಜವಾಗಿಯೂ ಯಾವುದಾದರೂ. ಕಾಮರ್ಸ್, ಸಂಗೀತ, ಇಂಜಿನಿಯರಿಂಗ್ ಯಾವುದಾದರೂ ನಡೆಯುತ್ತದೆ. ಅಮೆರಿಕದ ಹಾಗೆ ಇಂತಿಂಥ ವಿಷಯ ಓದಿರಲೇಬೇಕು ಎಂಬ ಪಟ್ಟಿ ಇಲ್ಲಿ ಹೆಚ್ಚು ಕಡೆ ಇಲ್ಲ. ಮೆಲ್ಬರ್ನ್‌ನವರು ಮೊದಲು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಕೇಳುತ್ತಿದ್ದರು, ಅದನ್ನೂ ಕೈಬಿಟ್ಟರು. ಓದಿ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ!

ಆದರೆ ಬಾಗಿಲ ಹಿಂದೆ ಗ್ಯಾಮ್ಸ್ಯಾಟ್ ಅಂತ ಒಬ್ಬ ಕಾವಲುಗಾರ ಇದ್ದಾನೆ. ಮೆಲ್ಬರ್ನಿನ ಏಸರ್ ಸಂಸ್ಥೆ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ನಡೆಸುವ ಪರೀಕ್ಷೆ. ಮೊದಲ ಭಾಗದಲ್ಲಿ ಸಾಹಿತ್ಯ, ಸಮಾಜದ ಬಗ್ಗೆ ಓದಿ ಅರ್ಥ ಮಾಡಿಕೊಳ್ಳುವುದು, ಎರಡನೆಯದರಲ್ಲಿ ಎರಡು ಪ್ರಬಂಧ, ಮೂರನೆಯದು ವಿಜ್ಞಾನ. ಈ ಮೂರನೆಯದರಲ್ಲಿ ನೂರಕ್ಕೆ 40 ಕೆಮಿಸ್ಟ್ರಿ, 40 ಬಯಾಲಜಿ, 20 ಫಿಸಿಕ್ಸ್. ಕೆಮಿಸ್ಟ್ರಿ, ಬಯಾಲಜಿ ಎರಡೂ ಡಿಗ್ರಿ ಮೊದಲ ವರ್ಷದ ಮಟ್ಟದವು. ಹೀಗಾಗಿ ಪಟ್ಟಿ ಇಲ್ಲದಿದ್ದರೂ ಓದು ತಪ್ಪಿದ್ದಲ್ಲ. ಕಮ್ಯುನಿಟಿ ಕಾಲೇಜಿನ ಕೆಲಸವನ್ನು ಇಲ್ಲಿ ನಾವೇ ಹೊಂದಿಸಿಕೊಳ್ಳಬೇಕು. ಅದಕ್ಕೂ ಅನುಕೂಲಗಳಿವೆ. ಓಪನ್ ಯೂನಿವರ್ಸಿಟೀಸ್ ಆಸ್ಟ್ರೇಲಿಯಾದ ಮೂಲಕ ಡಿಗ್ರಿಗೆ ಸೇರದೆಯೇ ಕೆಮಿಸ್ಟ್ರಿಯನ್ನೋ ಬಯಾಲಜಿಯನ್ನೋ ಒಂದೊಂದೇ ವಿಷಯವಾಗಿ ಓದಬಹುದು. ಹಲವು ವಿಶ್ವವಿದ್ಯಾಲಯಗಳು ತರಗತಿ ಶುರುವಾಗುವ ಮುಂಚೆ ಚಿಕ್ಕ ಬ್ರಿಡ್ಜಿಂಗ್ ಕೋರ್ಸುಗಳನ್ನೂ ನಡೆಸುತ್ತವೆ.

ನಾನು ಎಂಟು ತಿಂಗಳು ಓದಿದೆ. ಮಕ್ಕಳು ಮಲಗಿದ ಮೇಲೆ ಪೆಂಡಲ್ ಹಿಲ್‌ನ ನಮ್ಮ ಯೂನಿಟ್ಟಿನ ಅಡುಗೆಮನೆ ಮೇಜಿನ ಮೇಲೆ ಆರ್ಗ್ಯಾನಿಕ್ ಕೆಮಿಸ್ಟ್ರಿ. ಬೆಂಜೀನ್ ಉಂಗುರ ಬರೆದು ಬರೆದು ಮಗಳು ಅದನ್ನು ರಂಗೋಲಿ ಅಂದುಕೊಂಡು ಬಣ್ಣ ತುಂಬಿದಳು. ಪರೀಕ್ಷೆ ಬರೆದೆ. ಇಂಜಿನಿಯರಿಂಗ್ ಪುಣ್ಯದಿಂದ ಫಿಸಿಕ್ಸ್ ಸುಲಭ, ಕೆಮಿಸ್ಟ್ರಿ ಪರವಾಗಿಲ್ಲ, ಬಯಾಲಜಿ ಕೈಕೊಟ್ಟಿತು. ಮೂರನೇ ಭಾಗಕ್ಕೆ ಬಂದದ್ದು 52. ಸೀಟಿಗೆ ಅದು ಏನೇನೂ ಸಾಲದು. ಇರಲಿ, ಇನ್ನೊಮ್ಮೆ ಬರೆದರಾಯಿತು ಅಂದುಕೊಂಡೆ. ಹೇಗೂ ಅಂಕಗಳಿಗೆ ನಾಲ್ಕು ವರ್ಷ ಬೆಲೆ ಇರುತ್ತದೆ.

ಅರ್ಜಿಯ ಮಾರ್ಗದರ್ಶಿಯನ್ನು ಆಗ ಪೂರ್ತಿ ಓದಿದೆ ನೋಡಿ. ಡಿಗ್ರಿ ಮುಗಿಸಿ ಹತ್ತು ವರ್ಷ ದಾಟಿದ್ದರೆ ಸಾಮಾನ್ಯವಾಗಿ ಅದು ನಡೆಯುವುದಿಲ್ಲ, ಇತ್ತೀಚಿನ ಇನ್ನೊಂದು ಓದು ಬೇಕು, ಉದಾಹರಣೆಗೆ ಗ್ರಾಜುಯೇಟ್ ಡಿಪ್ಲೊಮಾ. ನನ್ನದು 2012ರ ಡಿಗ್ರಿ! ಹೆಂಡತಿಗೆ ಹೇಳಿದಾಗ ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲೂ ಇಲ್ಲ. "ಕೋಡ್ ಬರೆಯೋ ಮುಂಚೆ ರಿಕ್ವೈರ್‌ಮೆಂಟ್ಸ್ ಓದ್ಬೇಕು ಅಂತ ಹುಡುಗರಿಗೆಲ್ಲ ಬೈತಿರ್ತೀರಲ್ಲ, ನೀವೇ ಓದ್ಲಿಲ್ವಾ?" ಅಂದಳು. ಎಂಟು ತಿಂಗಳಲ್ಲಿ ಯಾರೂ ಹೇಳದ ಬುದ್ಧಿ.

ಆ ರಾತ್ರಿ ಇಬ್ಬರೂ ಕೂತು ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆವು. ಗ್ರಾಜುಯೇಟ್ ಡಿಪ್ಲೊಮಾ ಅರೆಕಾಲಿಕವಾಗಿ ಎರಡು ವರ್ಷ. ಸೀಟು ಸಿಕ್ಕರೆ ನಾಲ್ಕು ವರ್ಷ ಪೂರ್ಣಕಾಲ, ಅಂದರೆ ಒಂದೇ ಸಂಬಳ. ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಜಿಪಿ ಆಗಬೇಕಾದರೂ ಅದರ ಮೇಲೆ ಇನ್ನಷ್ಟು ವರ್ಷದ ತರಬೇತಿ. ನನಗೆ ಆಗ ನಲವತ್ತೈದು ದಾಟಿರುತ್ತದೆ. ಸರ್ಕಾರದ ನೆರವಿರುವ ಸೀಟಿಗೆ ವಿದ್ಯಾರ್ಥಿಯ ಪಾಲು ವರ್ಷಕ್ಕೆ ಸುಮಾರು 13,000 ಡಾಲರ್. ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ವಿಷಯ ಇದೆ. ಸಿಟಿಜನ್‌ಗಳು ಇದನ್ನು ಹೆಕ್ಸ್ ಸಾಲಕ್ಕೆ ಹಾಕಬಹುದು. ಪಿಆರ್ ಇರುವವರು ಆ ಸೀಟಿಗೆ ಅರ್ಹರೇ, ಆದರೆ ಸಾಲ ಇಲ್ಲ, ಮುಂಗಡ ಕಟ್ಟಬೇಕು. ಕೆಲಸದ ತಾತ್ಕಾಲಿಕ ವೀಸಾದಲ್ಲಿರುವವರನ್ನು ವಿದೇಶಿ ವಿದ್ಯಾರ್ಥಿ ಅಂತಲೇ ಎಣಿಸುತ್ತಾರೆ, ಅವರಿಗೆ ಪೂರ್ತಿ ಫೀಸು. ಸಿಟಿಜನ್‌ಶಿಪ್ ಅರ್ಜಿಯನ್ನು "ಹಾಕಿದರಾಯ್ತು ಬಿಡು" ಅಂತ ಡ್ರಾಯರಿನಲ್ಲಿ ಇಟ್ಟುಕೊಂಡವರು ದಯವಿಟ್ಟು ತೆಗೆಯಿರಿ. ಇನ್ನು ನೆರವಿನ ಸೀಟುಗಳಲ್ಲಿ ನೂರಕ್ಕೆ 28.5 ಬಾಂಡೆಡ್. ಓದು ಮುಗಿದ ಮೇಲೆ ಡಾಕ್ಟರುಗಳ ಕೊರತೆ ಇರುವ ಊರುಗಳಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ಮಲೆನಾಡಿನಲ್ಲಿ ಬೆಳೆದ ನನಗೆ ಅದೇನು ಶಿಕ್ಷೆ ಅನ್ನಿಸಲಿಲ್ಲ. ಹೆಂಡತಿಗೆ ಅನ್ನಿಸಿತು!

ಕೊನೆಗೆ ಅವಳೇ ಅಂದಳು: "ಡಿಪ್ಲೊಮಾ ಮಾಡಿ. ಎರಡು ವರ್ಷ ಆದ್ಮೇಲೂ ಹೀಗೇ ಅನ್ನಿಸ್ತಿದ್ರೆ ಆಗ ನೋಡೋಣ." ಸದ್ಯಕ್ಕೆ ನಾನು ಇರುವುದು ಅಲ್ಲೇ.

ಅಂದ ಹಾಗೆ, ಊರಿನ ಬಾಗಿಲೂ ಮೊದಲಿನಷ್ಟು ಬಿಗಿಯಾಗಿಲ್ಲ. 2022ರಲ್ಲಿ ನೀಟ್‌ನ ಗರಿಷ್ಠ ವಯೋಮಿತಿ ತೆಗೆದರು. ಪಿಯುಸಿಯಲ್ಲಿ ಬಯಾಲಜಿ ಓದದವರು ಆಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡು ನೀಟ್ ಬರೆಯಲು 2023ರಲ್ಲಿ ಅವಕಾಶ ಕೊಟ್ಟರು. ನನ್ನ ಕಾಲಕ್ಕೆ ಇದ್ದಿದ್ದರೆ... ಹೋಗಲಿ ಬಿಡಿ.

ಈಸ್ಟರ್ ರಜೆಗೆ ಮೆಲ್ಬರ್ನಿಗೆ ಹೋದಾಗ ಅಕ್ಕನ ಮಗಳು ಹೊರಗೆ ವರಾಂಡದಲ್ಲಿ ಒಬ್ಬಳೇ ಸಿಕ್ಕಳು. ಪಾರ್ಕ್‌ವಿಲ್‌ನಲ್ಲಿ ಬಿ.ಎಸ್ಸಿ. ಸೇರಿ ಒಂದೂವರೆ ತಿಂಗಳಾಗಿತ್ತು. "ಮಾವ, ಅಮ್ಮ ಎಲ್ಲರ ಹತ್ರ ಸೆಕೆಂಡ್ ಚಾನ್ಸ್ ಅಂತಾಳೆ. ನಾನು ಫೇಲ್ ಆಗಿಲ್ವಲ್ಲ?" ಅಂತ ಕೇಳಿದಳು. ಏನು ಹೇಳಲಿ? ನನ್ನ 52ರ ಕಥೆ ಹೇಳಿದೆ. ಜೋರಾಗಿ ನಕ್ಕಳು. ಡಿಸೆಂಬರಿನ ನಂತರ ಅವಳು ಹಾಗೆ ನಕ್ಕಿದ್ದು ಅದೇ ಮೊದಲು ಅಂತ ಭಾವ ಆಮೇಲೆ ಹೇಳಿದರು.

ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಡಿಗ್ರಿಯ ಮೂರೂ ವರ್ಷದ ಅಂಕಗಳು ಲೆಕ್ಕಕ್ಕೆ ಬರುತ್ತವೆ, ಮೊದಲ ವರ್ಷವನ್ನು ಬೇಸರದಲ್ಲಿ ಕಳೆಯಬೇಡ. ಮೆಡಿಕಲ್ ಸಿಗದಿದ್ದರೂ ನಿನಗೆ ಇಷ್ಟವಾಗುವ ವಿಷಯವನ್ನೇ ಮೇಜರ್ ಮಾಡು, ಏಕೆಂದರೆ ಡಿಗ್ರಿ ಆದ ಮೇಲೂ ಸಿಗದವರೇ ಹೆಚ್ಚು. ಇದನ್ನು ಮುಚ್ಚಿಟ್ಟು "ಇಲ್ಲಿಂದ ಗ್ಯಾರಂಟಿ" ಅಂತ ಮಕ್ಕಳಿಗೆ ಹೇಳಿದರೆ ಇಪ್ಪತ್ತೆರಡಕ್ಕೆ ಇನ್ನೊಂದು ಡಿಸೆಂಬರನ್ನು ನಾವೇ ತಂದಿಟ್ಟಂತೆ. ಅಕ್ಕನಿಗೆ ಈ ಮಾತು ಹಿಡಿಸಲಿಲ್ಲ. ಊಟದ ಹೊತ್ತಿಗೆ ನನಗೆ ತುಪ್ಪ ಕಡಿಮೆ ಬಿತ್ತು.

ಟೇಫ್ ವಿಷಯ ಹೇಳದಿದ್ದರೆ ಈ ಲೇಖನ ಅರ್ಧ. ಅಮೆರಿಕದ ಕಮ್ಯುನಿಟಿ ಕಾಲೇಜಿಗೆ ಇಲ್ಲಿ ತೀರಾ ಹತ್ತಿರದ್ದು ಅದೇ. ಟೇಫ್‌ನಿಂದ ನೇರ ಮೆಡಿಕಲ್‌ಗೆ ದಾರಿ ಇಲ್ಲ, ನರ್ಸಿಂಗ್‌ಗೆ ಇದೆ. ನಮ್ಮ ಸಿಡ್ನಿ ಬಳಗದಲ್ಲಿ ದಾವಣಗೆರೆಯ ಬಿ.ಕಾಂ. ಮಾಡಿ ಮದುವೆಯಾಗಿ ಬಂದ ಗೆಳತಿಯೊಬ್ಬರಿದ್ದಾರೆ. ಎಂಟು ವರ್ಷ ಮನೆ, ಮಕ್ಕಳು ಆದ ಮೇಲೆ ಟೇಫ್‌ನಲ್ಲಿ ಒಂದೂವರೆ ವರ್ಷದ ಡಿಪ್ಲೊಮಾ ಆಫ್ ನರ್ಸಿಂಗ್‌ಗೆ ಸೇರಿದರು. ಆಸ್ಪತ್ರೆಯಲ್ಲಿ ಪ್ಲೇಸ್‌ಮೆಂಟ್ ಮುಗಿಸಿ ಎನ್‌ರೋಲ್ಡ್ ನರ್ಸ್ ಆದರು, ಕೆಲಸ ಮಾಡುತ್ತಲೇ ಬ್ಯಾಚಲರ್ ಆಫ್ ನರ್ಸಿಂಗ್‌ಗೆ ಹೋದರು. ಡಿಪ್ಲೊಮಾಕ್ಕೆ ಕ್ರೆಡಿಟ್ ಸಿಕ್ಕಿದ್ದರಿಂದ ಮೂರು ವರ್ಷದ್ದು ಎರಡಕ್ಕೆ ಇಳಿಯಿತು. ವಿಕ್ಟೋರಿಯಾದವರಿಗೆ ಇನ್ನೂ ಅನುಕೂಲ: 2019ರಲ್ಲಿ ಶುರುವಾದ ಅಲ್ಲಿನ ಫ್ರೀ ಟೇಫ್ ಯೋಜನೆಯಲ್ಲಿ ಅರ್ಹರಿಗೆ ಈ ಡಿಪ್ಲೊಮಾಕ್ಕೆ ಪಾಠದ ಫೀಸೇ ಇಲ್ಲ.

"ಬ್ಯಾಚಲರ್ ಆಯ್ತಲ್ಲ, ಇನ್ನು ನೀವೂ ಗ್ಯಾಮ್ಸ್ಯಾಟ್ ಬರೀಬಹುದು" ಅಂತ ನಾನು ಉತ್ಸಾಹದಲ್ಲಿ ಹೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. "ನಂಗೆ ನರ್ಸೇ ಆಗ್ಬೇಕಿತ್ತು ರೀ. ಡಾಕ್ಟರು ಬಂದು ಹತ್ತು ನಿಮಿಷ ನೋಡಿ ಹೋಗ್ತಾರೆ. ರಾತ್ರಿಯೆಲ್ಲಾ ಇರೋರು ನಾವು" ಅಂದರು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅಪ್ಪನ ಕಿವಿಯ ಹತ್ತಿರ ಫೋನ್ ಹಿಡಿದು ನನ್ನ ದನಿ ಕೇಳಿಸಿದ್ದು ಒಬ್ಬ ನರ್ಸು. ಅವರ ಹೆಸರು ಕೇಳಿಟ್ಟುಕೊಳ್ಳಬೇಕು ಅಂತ ನನಗೆ ಆಗ ಹೊಳೆಯಲೇ ಇಲ್ಲ.

ಸಂಘದ ಮುಂದಿನ ಪಿಕ್ನಿಕ್‌ಗೆ ನನ್ನ ಹಳೆಯ ಗ್ಯಾಮ್ಸ್ಯಾಟ್ ಪುಸ್ತಕಗಳಲ್ಲಿ ಎರಡನ್ನು ತರುತ್ತೇನೆ, ಬೇಕಾದವರು ತಗೊಳ್ಳಿ. ಕೆಮಿಸ್ಟ್ರಿ ಪುಟಗಳಲ್ಲಿ ಅಲ್ಲಲ್ಲಿ ರಂಗೋಲಿ ಇದೆ, ಹೊಂದಿಸಿಕೊಳ್ಳಿ. ಬಯಾಲಜಿ ಪುಸ್ತಕ ಮಾತ್ರ ಇನ್ನೂ ನನಗೇ ಬೇಕು.